ನಿಮಗಿದು ಗೊತ್ತೆ? 1998ರ 500 ವಾನ್ ನಾಣ್ಯ
ದಕ್ಷಿಣ ಕೊರಿಯಾದ 500 ವಾನ್ ನಾಣ್ಯಗಳಲ್ಲಿ ಸಂಗ್ರಾಹಕರು ಮುಗಿಬೀಳುವುದು 1998ರದ್ದಕ್ಕೆ. ಆರ್ಥಿಕ ಬಿಕ್ಕಟ್ಟಿನ ಆ ದಿನಗಳಲ್ಲಿ ಜನ ಮನೆಯಲ್ಲಿ ಕೂಡಿಟ್ಟ ಚಿಲ್ಲರೆಯನ್ನೆಲ್ಲ ಹೊರತಂದಿದ್ದರಿಂದ ಹೊಸ ನಾಣ್ಯಗಳ ಅಗತ್ಯವೇ ಬೀಳಲಿಲ್ಲ. ಟಂಕಿಸಿದ್ದು ಬರೀ 8,000, ಅದೂ ವಿಶೇಷ ಸೆಟ್‌ಗಳಿಗಾಗಿ. ಹಾಗಾಗಿ ಆನ್‌ಲೈನ್ ಹರಾಜಿನಲ್ಲಿ ಸವೆದ ಬಿಡಿ ನಾಣ್ಯ ಕಂಡರೆ ಅನುಮಾನಪಡಲೇಬೇಕು. ಧಾರಾಳವಾಗಿ ಸಿಗುವ 1988ರ ನಾಣ್ಯದ ಮೂರನೇ ಅಂಕಿಯನ್ನು ಕೆರೆದು 9 ಮಾಡಿರಬಹುದು. ಅಸಲಿ ನಾಣ್ಯದ ತೂಕ 7.7 ಗ್ರಾಂ, ವ್ಯಾಸ 26.5 ಮಿ.ಮೀ.; ತಾಮ್ರ-ನಿಕಲ್ ಮಿಶ್ರಲೋಹವಾದ್ದರಿಂದ ಅಯಸ್ಕಾಂತಕ್ಕೆ ಅಂಟದು. ಆದರೆ ಇಸವಿ ತಿದ್ದಿದ ನಾಣ್ಯವೂ ಇಷ್ಟೇ ತೂಗುತ್ತದೆ! ಆದ್ದರಿಂದ ತಕ್ಕಡಿಗಿಂತ ಭೂತಗನ್ನಡಿಯೇ ಮುಖ್ಯ. ಹತ್ತಿರದಿಂದ ತೆಗೆದ ಫೋಟೊ ಕೇಳಿ ಪಡೆದು, ಎರಡೂ 9ಗಳನ್ನು ಹೋಲಿಸಿ. ಆಕಾರ ಬೇರೆಯಿದ್ದರೆ, ಸುತ್ತ ಗೀರುಗಳಿದ್ದರೆ ಹರಾಜು ಕೂಗಲೇಬೇಡಿ.