ಕಾಲು ಮೈಲಿಯ ಪಂದ್ಯ

ನೇರವಾದ ದಾರಿ, ಅದರ ಮೇಲೆ ಒಂದರ ಪಕ್ಕದಲ್ಲೊಂದು ನಿಂತ ಎರಡು ಮೋಟಾರುಗಳು. ಹಸುರು ದೀಪ ಹೊತ್ತಿದೊಡನೆ ಎರಡೂ ಹೊರಡುತ್ತವೆ. ಕಾಲು ಮೈಲಿಯ, ಎಂದರೆ 1,320 ಅಡಿಗಳ, ಕೊನೆಯನ್ನು ಮೊದಲು ಮುಟ್ಟಿದುದಕ್ಕೆ ಗೆಲವು. ಅಮೆರಿಕದ ಡ್ರ್ಯಾಗ್ ರೇಸಿನ ಮೂಲಸ್ವರೂಪ ಇಷ್ಟೇ. ತಿರುವಿಲ್ಲ, ಸುತ್ತಿಲ್ಲ; ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯುತ್ತದೆ. ಇದರಲ್ಲಿ ವಿಚಾರಕ್ಕೆ ಎಡೆಯೆಲ್ಲಿದೆ ಎಂದು ವಾಚಕರು ಕೇಳಬಹುದು. ಆದರೆ ಈ ಪಂದ್ಯಕ್ಕೆ ಬರುವವರಲ್ಲಿ ಬಹುಮಂದಿ ವಾರವೆಲ್ಲ ಬೇರೊಂದು ಕಸುಬಿನಲ್ಲಿ ದುಡಿದು, ಬಿಡುವಿನ ವೇಳೆಯಲ್ಲಿ ತಮ್ಮ ಬಂಡಿಯನ್ನು ತಾವೇ ಕಟ್ಟಿ ತಾವೇ ಓಡಿಸುವ ಹವ್ಯಾಸಿಗಳು. ಬೀದಿಯ ಪುಂಡಾಟವೆನಿಸಿದ್ದ ಈ ಆಟಕ್ಕೆ ಅವರು ಕಟ್ಟಳೆಯನ್ನು ತಂದುಕೊಂಡ ಬಗೆ ವಿಚಾರಾರ್ಹವಾದುದು.

1932ರಲ್ಲಿ ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳ ವಿ-8 ಎಂಜಿನನ್ನು ಸಾಮಾನ್ಯರಿಗೂ ಎಟುಕುವ ಬೆಲೆಯ ಕಾರಿನಲ್ಲಿ ಅಳವಡಿಸಿತು. ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಹಳೆಯ ಫೋರ್ಡುಗಳನ್ನು ಅಗ್ಗವಾಗಿ ಕೊಂಡು, ಭಾರ ತಗ್ಗಲೆಂದು ಮಡ್‌ಗಾರ್ಡುಗಳನ್ನು ಕಳಚಿದರು. ಸಿಲಿಂಡರಿನ ತಲೆಯನ್ನು ತೆಳುವಾಗಿ ಹೆರೆದು ಒಳಗಿನ ಒತ್ತಡವನ್ನು ಹೆಚ್ಚಿಸಿದರು. ಒಂದು ಕಾರ್ಬ್ಯುರೇಟರಿದ್ದಲ್ಲಿ ಎರಡನ್ನು ಕೂರಿಸಿದರು. ಹೀಗೆ ಸಿದ್ಧವಾದ ಬಂಡಿಗೆ ಮುಂದೆ ‘ಹಾಟ್ ರಾಡ್’ ಎಂಬ ಹೆಸರಾಯಿತು. ಮುರಾಕ್ ಮೊದಲಾದ ಒಣಕೆರೆಗಳ ಗಟ್ಟಿನೆಲವೇ ಅವರ ಪರೀಕ್ಷಾರಂಗ. ಅಲ್ಲಿಯ ಓಟಗಳನ್ನು ಕ್ರಮಪಡಿಸಲು 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು.

ಎರಡನೆಯ ಮಹಾಯುದ್ಧ ಮುಗಿದು ಮರಳಿದ ಸೈನಿಕರಲ್ಲಿ ಅನೇಕರು ಯಂತ್ರವಿದ್ಯೆಯನ್ನು ಕಲಿತು ಬಂದಿದ್ದರು. ಒಣಕೆರೆಗಳು ದೂರ, ಊರಿನ ಬೀದಿ ಹತ್ತಿರ. ರಾತ್ರಿಯ ವೇಳೆ ಬೀದಿಗಳಲ್ಲಿಯೇ ಪಂದ್ಯಗಳು ನಡೆದುವು, ಅಪಘಾತಗಳಾದುವು, ಪತ್ರಿಕೆಗಳೂ ಪೊಲೀಸರೂ ಈ ತರುಣರನ್ನು ಕಂಟಕರೆಂದೇ ಬಗೆದರು. ನಿಷೇಧವೊಂದರಿಂದಲೇ ಇದು ನಿಲ್ಲುವಂತಿರಲಿಲ್ಲ. ಓಡಿಸಲು ಬೇರೊಂದು ತಾಣ ಬೇಕಾಗಿತ್ತು. 1950ರಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದ ಓಡುದಾರಿಯೊಂದರಲ್ಲಿ ಟಿಕೆಟ್ಟಿಟ್ಟು ಪಂದ್ಯಗಳನ್ನು ನಡೆಸತೊಡಗಿದರು. ಮರುವರ್ಷ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿತವಾಯಿತು. ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ಅದರ ಮೊದಲ ಅಧ್ಯಕ್ಷ. 1953ರಲ್ಲಿ ಪೊಮೋನಾದಲ್ಲಿ ನಡೆದ ಅದರ ಪ್ರಥಮ ಅಧಿಕೃತ ಪಂದ್ಯಕ್ಕೆ ಆ ಊರಿನ ಪೊಲೀಸರೇ ಬೆಂಬಲವಿತ್ತರೆಂಬುದು ಗಮನಾರ್ಹ. 1955ರ ಮೊದಲ ರಾಷ್ಟ್ರೀಯ ಪಂದ್ಯ ಜರುಗಿದ್ದು ಕಾನ್ಸಾಸ್ ರಾಜ್ಯದ ಗ್ರೇಟ್ ಬೆಂಡಿನಲ್ಲಿ, ಯುದ್ಧಕಾಲದ ವಿಮಾನತಾಣದ ಮೇಲೆ. ಚೆನ್ನೈ ಬಳಿಯ ಷೋಲಾವರದಲ್ಲಿಯೂ ಯುದ್ಧಕಾಲದ ಓಡುದಾರಿಯೇ ಮೋಟಾರು ಪಂದ್ಯಗಳಿಗೆ ಒದಗಿದುದನ್ನು ಅಲ್ಲಿಯ ನಮ್ಮ ಹಿರಿಯರು ಬಲ್ಲರು.

ಸ್ವಂತ ಕೈಯಿಂದ ಕಟ್ಟಿದ ಯಂತ್ರದಲ್ಲಿ ಕುಳಿತವನು ತನ್ನ ತಪ್ಪಿನ ಪಕ್ಕದಲ್ಲಿಯೇ ಕುಳಿತಿರುತ್ತಾನೆ. ಅತಿವೇಗದಲ್ಲಿ ಕ್ಲಚ್ಚಾಗಲಿ ಫ್ಲೈವ್ಹೀಲಾಗಲಿ ಒಡೆದರೆ ಅದರ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ಆದಕಾರಣ ವೇಗದ ಬಂಡಿಗಳಲ್ಲಿ ಅವುಗಳ ಸುತ್ತ ಉಕ್ಕಿನ ಕವಚವಿರಬೇಕು, ತಲೆಯ ಮೇಲೆ ಗಟ್ಟಿಯಾದ ಕೊಳವೆಯ ಕಮಾನಿರಬೇಕು ಎಂಬ ನಿಯಮಗಳು ಬಂದುವು. ಪಂದ್ಯಕ್ಕೆ ಮುನ್ನ ತಪಾಸಣೆ ಕಡ್ಡಾಯವಾಯಿತು. 1970ರಲ್ಲಿ ಲಾಸ್ ಏಂಜಲಿಸ್ ಬಳಿಯ ಲಯನ್ಸ್ ಪಂದ್ಯದಾರಿಯಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಓಟಗಾರನ ಗೇರುಪೆಟ್ಟಿಗೆ ಸಿಡಿದು, ಅವನ ಬಲಪಾದದ ಒಂದು ಭಾಗ ಹೋಯಿತು. ಅವನು ಓಟವನ್ನು ಬಿಡಲಿಲ್ಲ; ಎಂಜಿನನ್ನು ಚಾಲಕನ ಹಿಂದೆ ಇರಿಸಿದ ಬಂಡಿಯೊಂದನ್ನು ನಿರ್ಮಿಸಿ 1971ರಲ್ಲಿ ಅದರಿಂದ ಗೆದ್ದನು. ಬಳಿಕ ಅತಿವೇಗದ ಆ ವರ್ಗವೆಲ್ಲ ಅದೇ ರಚನೆಗೆ ಹೊರಳಿತು.

ಪ್ರಾಣರಕ್ಷಣೆಯ ಪ್ರಶ್ನೆ ಹೀಗೆ ಬಗೆಹರಿಯುತ್ತ ಬಂದರೂ ನ್ಯಾಯದ ಪ್ರಶ್ನೆ ಉಳಿಯಿತು. ಹೆಚ್ಚು ಹಣ ಸುರಿದವನ ಎಂಜಿನೇ ಹೆಚ್ಚು ಬಲವುಳ್ಳದ್ದು. ಹಾಗಿರಲು ಹಳೆಯ ಬಂಡಿಯ ಬಡವನಿಗೆ ಗೆಲ್ಲುವ ದಾರಿಯೆಲ್ಲಿ? ಇದಕ್ಕೆ ಉತ್ತರವಾಗಿ ಬೆಳೆದದ್ದು ‘ಬ್ರ್ಯಾಕೆಟ್ ರೇಸ್’. ಇದರಲ್ಲಿ ಪ್ರತಿಯೊಬ್ಬನೂ ತನ್ನ ಬಂಡಿ ಎಷ್ಟು ಸೆಕೆಂಡುಗಳಲ್ಲಿ ದೂರವನ್ನು ಕ್ರಮಿಸುವುದೆಂದು ಮುಂಚಿತವಾಗಿ ಘೋಷಿಸಿ, ಆ ಅಂಕಿಯನ್ನು ಕಾರಿನ ಗಾಜಿನ ಮೇಲೆ ಬರೆಯಬೇಕು. ಒಬ್ಬನು 14.20 ಎಂದೂ ಇನ್ನೊಬ್ಬನು 12.70 ಎಂದೂ ಬರೆದರೆ, ನಿಧಾನದವನಿಗೆ 1.50 ಸೆಕೆಂಡು ಮೊದಲೇ ಹಸುರು ದೀಪ ಹೊತ್ತುತ್ತದೆ. ಇಬ್ಬರೂ ದೀಪಕ್ಕೆ ಸಮನಾಗಿ ಸ್ಪಂದಿಸಿ, ತಾವು ಬರೆದಂತೆಯೇ ಓಡಿಸಿದರೆ ಜೊತೆಯಾಗಿಯೇ ಗುರಿ ಮುಟ್ಟುವರು.

ಹಾಗಾದರೆ ವೇಗವನ್ನು ಬಚ್ಚಿಟ್ಟು ಹೆಚ್ಚಿನ ಕಾಲವನ್ನು ಬರೆದರಾಯಿತಲ್ಲ ಎಂಬ ಯುಕ್ತಿ ಯಾರಿಗಾದರೂ ಹೊಳೆದೀತು. ಅದಕ್ಕೂ ತಡೆಯುಂಟು: ಬರೆದುದಕ್ಕಿಂತ ಬೇಗ ಓಡಿದವನು ಸೋಲುತ್ತಾನೆ, ಇಬ್ಬರೂ ಹಾಗೆ ಓಡಿದರೆ, ಕಡಮೆ ಮೀರಿದವನಿಗೆ ಗೆಲವು. ಹಸುರಿಗೆ ಮುಂಚೆ ಹೊರಟರಂತೂ ಕೆಂಪು ದೀಪ. ಆದುದರಿಂದ ಇಲ್ಲಿ ಬೇಕಾದುದು ಬಲಕ್ಕಿಂತ ಮಿಗಿಲಾಗಿ ತನ್ನ ಯಂತ್ರದ ಯಥಾರ್ಥ ಜ್ಞಾನ. ತಂಪು ಹವೆಯಲ್ಲಿ ಎಂಜಿನು ಚುರುಕು, ಬಿಸಿಲಿನಲ್ಲಿ ಮಂದ. ಬಲ್ಲವನು ಪ್ರತಿಯೊಂದು ಓಟದ ಕಾಲವನ್ನೂ ಹವೆಯನ್ನೂ ಪುಸ್ತಕದಲ್ಲಿ ಗುರುತಿಸಿಕೊಳ್ಳುತ್ತಾನೆ. ಲೆಕ್ಕ ಬರೆಯುವವರಾದ ನಮಗೆ ಈ ಶಿಸ್ತು ಅಪರಿಚಿತವಲ್ಲ.

ಇಷ್ಟೆಲ್ಲ ಕಟ್ಟಳೆ ನಿಂತಿರುವುದು ಕಾಲು ಮೈಲಿಯ ಓಟಕ್ಕೂ, ಅದರಾಚೆ ಬಂಡಿ ನಿಲ್ಲುವುದಕ್ಕೂ ಸಾಕಾಗುವಷ್ಟು ನೆಲದ ಮೇಲೆ. ನಗರ ಬೆಳೆದಂತೆ ಆ ನೆಲ ಹೋಗುತ್ತಿದೆ. ನೆರೆಹೊರೆಯವರು ಸದ್ದಿನ ಬಗೆಗೆ ದೂರಿದರು. ಲಯನ್ಸ್ 1972ರಲ್ಲಿ ಮುಚ್ಚಿತು. ನ್ಯೂ ಜೆರ್ಸಿಯ ಇಂಗ್ಲಿಷ್‌ಟೌನಿನಲ್ಲಿ 2018ರಲ್ಲಿ ಡ್ರ್ಯಾಗ್ ಓಟ ನಿಂತಿತು. ಡೆನ್ವರ್ ಬಳಿಯ ಬ್ಯಾಂಡಿಮಿಯರ್ ಪಂದ್ಯದಾರಿ 2023ರಲ್ಲಿ ಮುಚ್ಚಿತು. ನಿದ್ರೆಗೆಟ್ಟ ನೆರೆಯವರ ದೂರನ್ನು ಅಲ್ಲಗಳೆಯುವಂತಿಲ್ಲ. ಆದರೆ ಪಂದ್ಯದಾರಿ ಮುಚ್ಚಿದೊಡನೆ ಮನೆಯ ಷೆಡ್ಡಿನಲ್ಲಿರುವ ಬಂಡಿಯಾಗಲಿ ಅದನ್ನು ಕಟ್ಟಿದವನ ಆಸೆಯಾಗಲಿ ಇಲ್ಲವಾಗದು. ಆ ಬಂಡಿ ಮತ್ತೆ ಊರಿನ ಬೀದಿಗಿಳಿದರೆ ಅಲ್ಲಿ ತಪಾಸಣೆಯಿಲ್ಲ, ದೀಪವಿಲ್ಲ. ಎದುರಿಗೆ ಬರುವವನು ಪಂದ್ಯಕ್ಕೆ ಸೇರಿದವನೇ ಅಲ್ಲ. 1950ರಲ್ಲಿ ಸಾಂಟಾ ಆನಾದವರು ಓಡುದಾರಿಯನ್ನು ಹುಡುಕಿಕೊಂಡು ಹೋದದ್ದು ಈ ಕಾರಣಕ್ಕಾಗಿಯೇ ಎಂಬುದನ್ನು ನೆಲದ ಬೆಲೆಯನ್ನು ಕಟ್ಟುವವರು ಮರೆಯಬಾರದು.