ನಾಯಿಯ ಕ್ರೀಡಾಭ್ಯಾಸ

1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಬಿಡುವಿನ ವೇಳೆಯಲ್ಲಿ ಪ್ರೇಕ್ಷಕರ ಮನರಂಜನೆಗಾಗಿ ಹೊಸದೊಂದು ಆಟವನ್ನು ಏರ್ಪಡಿಸಲಾಯಿತು. ಕುದುರೆಗಳ ನೆಗೆತದ ಪಂದ್ಯವೇ ಅದಕ್ಕೆ ಮಾದರಿ. ನಾಯಿಯು ತನ್ನ ಒಡೆಯನ ಸನ್ನೆಯನ್ನನುಸರಿಸಿ, ತಡೆಗಳನ್ನು ಹಾರಿ, ಸುರಂಗದಲ್ಲಿ ನುಸುಳಿ, ನಿಗದಿಯಾದ ಕಾಲದೊಳಗೆ ಗುರಿ ಸೇರುವ ಈ ಆಟಕ್ಕೆ ‘ಅಜಿಲಿಟಿ’ ಎಂದು ಹೆಸರು.

ಇದರ ಅಭ್ಯಾಸವನ್ನು ಮನೆಯ ಅಂಗಳದಲ್ಲಿಯೇ ಆರಂಭಿಸಬಹುದು. ಕರೆದೊಡನೆ ಬರುವುದನ್ನೂ ಹೇಳಿದಲ್ಲಿ ನಿಲ್ಲುವುದನ್ನೂ ನಾಯಿಗೆ ಮೊದಲು ಕಲಿಸಬೇಕು. ಅನಂತರ ನೆಲದ ಮೇಲಿರಿಸಿದ ಕೋಲನ್ನು ದಾಟಿಸಬೇಕು. ಎರಡು ಕುರ್ಚಿಗಳ ಮೇಲೆ ಕಂಬಳಿ ಹೊದಿಸಿದರೆ ಸುರಂಗ ಸಿದ್ಧವಾಗುತ್ತದೆ. ನಾಯಿಯು ಸರಿಯಾಗಿ ನಡೆದುಕೊಂಡ ಕ್ಷಣದಲ್ಲಿಯೇ ತಿನಿಸನ್ನಿತ್ತು ಮೆಚ್ಚಬೇಕು. ತಡವಾದರೆ ಬಹುಮಾನವು ಯಾವ ಕಾರ್ಯಕ್ಕೆಂಬುದು ಅದಕ್ಕೆ ತಿಳಿಯದು. ಹೊಡೆತದಿಂದ ಭಯ ಬೆಳೆಯುವುದೇ ಹೊರತು ವಿದ್ಯೆ ಬೆಳೆಯದು. ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಸಲವೂ ಐದೇ ನಿಮಿಷಗಳ ಪಾಠ ಸಾಕು.

ನೆಗೆತದ ವಿಷಯದಲ್ಲಿ ಅವಸರ ಸಲ್ಲದು. ಮರಿಯ ಎಲುಬುಗಳ ತುದಿಗಳ ಬಳಿ ಇರುವ ಮೃದ್ವಸ್ಥಿಯು ಗಟ್ಟಿಯಾಗುವ ಮುನ್ನವೇ ಎತ್ತರಕ್ಕೆ ಹಾರಿಸಿದರೆ ಕೀಲುಗಳಿಗೆ ಶಾಶ್ವತವಾದ ಹಾನಿಯಾಗಬಹುದು. ಆದುದರಿಂದಲೇ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 18 ತಿಂಗಳು ತುಂಬದ ನಾಯಿಗೆ ಪ್ರವೇಶವಿಲ್ಲ. ಕಾಯುವ ತಾಳ್ಮೆಯನ್ನು ನಾಯಿಗಿಂತ ಮೊದಲು ಒಡೆಯನೇ ಕಲಿಯಬೇಕು.