ಮನೆಯ ಹಿರಿಯ ಯೋಧನಿಗೊಂದು ಕಿರುವಿಮಾನ: ಕೈಗೆ ಕಾಯಕ, ಮನಕ್ಕೆ ಮಾತು

ಶ್ರೀಮಠದ ಭಕ್ತ ಕುಟುಂಬಗಳಲ್ಲಿ ವಾಯುಸೇನೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಹಿರಿಯರು ಅನೇಕರಿದ್ದಾರೆ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಸೈನಿಕರ ತರಬೇತಿ ಶಾಲೆಯಿದೆ, ಬೀದರದಲ್ಲಿ ವಾಯುನೆಲೆಯಿದೆ, ಬೆಂಗಳೂರಿನ ಜಾಲಹಳ್ಳಿಯಲ್ಲಿ ತಾಂತ್ರಿಕ ಶಿಕ್ಷಣದ ಕೇಂದ್ರಗಳಿವೆ. ಹೀಗಾಗಿ ನಮ್ಮ ಹಳ್ಳಿಗಳ ಎಷ್ಟೋ ತರುಣರು ಆ ಸಮವಸ್ತ್ರವನ್ನು ತೊಟ್ಟರು. ಇಂದು ಅವರು ಎಪ್ಪತ್ತು ಎಂಬತ್ತರ ವಯಸ್ಸಿನವರು. ಪಡಸಾಲೆಯ ಗೋಡೆಯ ಮೇಲೊಂದು ಹಳೆಯ ಛಾಯಾಚಿತ್ರ, ಟ್ರಂಕಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಪದಕಗಳು, ಇವಿಷ್ಟೇ ಆ ದಿನಗಳ ಗುರುತು. ಹಿರಿಯರು ಮಾತು ಕಡಿಮೆ. ಕಿರಿಯರು ಕೇಳುವುದು ಇನ್ನೂ ಕಡಿಮೆ.

ಇಂತಹ ಮನೆಗಳಿಗೆ ಈ ತಿಂಗಳು ನಾವೊಂದು ಸಲಹೆಯನ್ನು ಮುಂದಿಡುತ್ತಿದ್ದೇವೆ. ಆ ಹಿರಿಯರು ದುಡಿದ ವಿಮಾನದ ಅಳತೆಗೆ ತಕ್ಕ ಕಿರುಮಾದರಿಯೊಂದನ್ನು ಮನೆಮಂದಿಯೆಲ್ಲ ಸೇರಿ ಅವರ ಗೌರವಾರ್ಥ ತಯಾರಿಸಿರಿ. ಆಹಾರ, ಪಥ್ಯ, ಯೋಗಗಳ ಬಗೆಗೆ ಬರೆಯುವ ಆರೋಗ್ಯ ವಿಭಾಗದಲ್ಲಿ ವಿಮಾನಕ್ಕೇನು ಕೆಲಸ ಎಂದು ಓದುಗರು ಕೇಳಬಹುದು. ವೃದ್ಧಾಪ್ಯದಲ್ಲಿ ದೇಹವನ್ನು ಕಾಡುವ ರೋಗಗಳಿಗೆ ಔಷಧಗಳಿವೆ. ಕೆಲಸವಿಲ್ಲದ ಕೈಗೂ ಕೇಳುವವರಿಲ್ಲದ ಮಾತಿಗೂ ಔಷಧದಂಗಡಿಯಲ್ಲಿ ಮದ್ದಿಲ್ಲ. ಅದಕ್ಕೆ ಬೇಕಾದುದು ಕಾಯಕ. ಹುಲ್ಲು ಕೊಯ್ದು ಹಗ್ಗ ಹೊಸೆದು ದಾಸೋಹ ನಡೆಸಿದ ನುಲಿಯ ಚಂದಯ್ಯನವರ ಪರಂಪರೆಗೆ ಸೇರಿದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ವಿಮಾನ?

ಹಿರಿಯರು ಯಾವ ವಿಮಾನದೊಡನೆ ದುಡಿದರೋ ಅದೇ ವಿಮಾನ. ನಿದರ್ಶನಕ್ಕೆ ನಾವಿಲ್ಲಿ ಎಚ್‌ಎಫ್-೨೪ ಮಾರುತ್ ವಿಮಾನವನ್ನು ತೆಗೆದುಕೊಳ್ಳುತ್ತೇವೆ. ಏಕೆಂದರೆ ಅದು ನಮ್ಮ ನಾಡಿನಲ್ಲೇ ಹುಟ್ಟಿದ್ದು. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆ ೧೯೪೦ರಲ್ಲಿ ಸ್ಥಾಪನೆಯಾಯಿತು. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರು ೧೯೫೬ರಲ್ಲಿ ಇಲ್ಲಿಗೆ ಬಂದು, ಭಾರತೀಯ ಎಂಜಿನಿಯರುಗಳೊಡನೆ ಈ ಯುದ್ಧವಿಮಾನವನ್ನು ರೂಪಿಸಿದರು. ೧೯೬೧ರ ಜೂನ್ ೧೭ರಂದು ಅದನ್ನು ಮೊದಲ ಬಾರಿಗೆ ಆಕಾಶಕ್ಕೇರಿಸಿದವರು ಸುರಂಜನ್ ದಾಸ್. ೧೯೭೦ರಲ್ಲಿ ಅವರು ಮಾರುತ್ ವಿಮಾನದ ಪರೀಕ್ಷಾ ಹಾರಾಟದಲ್ಲೇ ಪ್ರಾಣತೆತ್ತರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ಒಟ್ಟು ೧೪೭ ಮಾರುತ್ ವಿಮಾನಗಳು ತಯಾರಾದವು. ೧೯೭೧ರ ಯುದ್ಧದಲ್ಲಿ ಎರಡು ಸ್ಕ್ವಾಡ್ರನ್‌ಗಳು ರಾಜಸ್ಥಾನದ ಗಡಿಯಲ್ಲಿ ಈ ವಿಮಾನಗಳನ್ನು ಹಾರಿಸಿದವು. ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟಾಗ ಮತ್ತೊಂದರ ಬಲದಿಂದಲೇ ನೆಲೆಗೆ ಮರಳಿದ ಪ್ರಸಂಗಗಳೂ ನಡೆದವು. ೧೯೯೦ರಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು.

ಒಬ್ಬ ಪೈಲಟ್ ಹಾರಬೇಕಾದರೆ ನೆಲದ ಮೇಲೆ ಹತ್ತಾರು ಕೈಗಳು ದುಡಿಯಬೇಕು. ಇಂಧನ ತುಂಬುವವರು, ಎಂಜಿನ್ ನೋಡುವವರು, ಗುಂಡು ತುಂಬುವವರು, ರೇಡಿಯೋ ಸರಿಪಡಿಸುವವರು ಎಲ್ಲರೂ ಬೇಕು. ನಮ್ಮ ಊರುಗಳಿಂದ ಹೋದವರಲ್ಲಿ ಹೆಚ್ಚಿನವರು ಇಂತಹ ಕೆಲಸದವರೇ. ಇವರ ಹೆಸರುಗಳು ಇತಿಹಾಸದ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಆದುದರಿಂದಲೇ ಇವರಿಗೆ ಸಲ್ಲಬೇಕಾದ ಗೌರವವನ್ನು ಮನೆಯವರೇ ಸಲ್ಲಿಸಬೇಕಾಗಿದೆ.

ಕೈ ನೆನಪಿಟ್ಟದ್ದು

ವೃದ್ಧರು ಹಿಂದಿನದನ್ನೇ ಮೆಲುಕು ಹಾಕುವುದನ್ನು ಒಂದು ಕಾಲಕ್ಕೆ ವೈದ್ಯರು ಬುದ್ಧಿಮಾಂದ್ಯದ ಲಕ್ಷಣವೆಂದು ಬಗೆಯುತ್ತಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ೧೯೬೩ರಲ್ಲಿ ಈ ಎಣಿಕೆಯನ್ನು ಪ್ರಶ್ನಿಸಿದರು. ಬಾಳಿನ ಕೊನೆಯ ಹಂತದಲ್ಲಿ ಬಾಳನ್ನು ಹಿಂತಿರುಗಿ ನೋಡುವುದು ಸಹಜವೂ ಅಗತ್ಯವೂ ಆದ ಕ್ರಿಯೆ ಎಂದು ಅವರು ಪ್ರತಿಪಾದಿಸಿದರು. ಅಂದಿನಿಂದ ಹಳೆಯ ವಸ್ತು, ಚಿತ್ರ, ಹಾಡುಗಳ ಮೂಲಕ ಹಿರಿಯರನ್ನು ಮಾತಿಗೆಳೆಯುವ ಕ್ರಮ ಬೆಳೆದುಬಂದಿದೆ. ಮರೆವಿನ ರೋಗವನ್ನು ಇದು ಗುಣಪಡಿಸಲಾರದು. ಇದರ ಫಲ ಎಲ್ಲರಲ್ಲಿ ಒಂದೇ ಸಮನಾಗಿಯೂ ಇರದು. ಆದರೆ ಮನಸ್ಸಿನ ಉಲ್ಲಾಸಕ್ಕೂ ಮನೆಯವರೊಡನೆ ಮಾತುಕತೆಗೂ ಇದರಿಂದ ಕೆಲವರಿಗೆ ನೆರವಾಗುತ್ತದೆ.

ಇನ್ನೊಂದು ಸಂಗತಿಯಿದೆ. ಘಟನೆಗಳ ನೆನಪು ಬೇರೆ, ಕೈಕೆಲಸದ ನೆನಪು ಬೇರೆ. ನಿನ್ನೆ ಊಟಕ್ಕೆ ಏನಿತ್ತೆಂಬುದನ್ನು ಮರೆತವರೂ ಸ್ಕ್ರೂ ತಿರುಗಿಸುವ, ಗಂಟು ಹಾಕುವ ಬಗೆಯನ್ನು ಬಹುಕಾಲ ಮರೆಯುವುದಿಲ್ಲ. ಆದುದರಿಂದ "ಯುದ್ಧದಲ್ಲಿ ಏನೇನಾಯಿತು?" ಎಂದು ಕೇಳಿದರೆ ಮುಚ್ಚಿಕೊಳ್ಳುವ ಬಾಯಿ, "ಮುತ್ಯಾ, ಈ ಮುಚ್ಚಳ ಯಾವ ಕಡೆ ತೆರೀತಿತ್ತು?" ಎಂದು ಮಾದರಿಯನ್ನು ಕೈಗಿತ್ತು ಕೇಳಿದರೆ ತೆರೆಯಬಹುದು. ಇಂಧನವನ್ನು ಎಲ್ಲಿಂದ ತುಂಬುತ್ತಿದ್ದರು, ಬಿಸಿಲಿಗೆ ಕಾದ ಲೋಹವನ್ನು ಹೇಗೆ ಮುಟ್ಟುತ್ತಿದ್ದರು, ರಾತ್ರಿ ಪಾಳಿಯಲ್ಲಿ ಚಹಾ ಎಲ್ಲಿಂದ ಬರುತ್ತಿತ್ತು ಎಂಬಂತಹ ಸಣ್ಣ ಪ್ರಶ್ನೆಗಳೇ ಇಲ್ಲಿ ಕೀಲಿಕೈ.

ಅಳತೆ ಮತ್ತು ಸಾಮಗ್ರಿ

ಕಿರುಮಾದರಿಗಳಲ್ಲಿ ಹೆಚ್ಚು ರೂಢಿಯಲ್ಲಿರುವ ಅಳತೆ ಎಪ್ಪತ್ತೆರಡರಲ್ಲಿ ಒಂದು. ಆರು ಅಡಿ ಎತ್ತರದ ಮನುಷ್ಯ ಈ ಅಳತೆಯಲ್ಲಿ ಒಂದು ಅಂಗುಲವಾಗುತ್ತಾನೆ. ಮಾರುತ್ ವಿಮಾನದ ಉದ್ದ ೧೫.೮೭ ಮೀಟರ್, ರೆಕ್ಕೆಗಳ ಅಗಲ ೯ ಮೀಟರ್. ಎಪ್ಪತ್ತೆರಡರಿಂದ ಭಾಗಿಸಿದರೆ ಉದ್ದ ೨೨ ಸೆಂಟಿಮೀಟರ್, ಅಗಲ ೧೨.೫ ಸೆಂಟಿಮೀಟರ್ ಆಗುತ್ತದೆ. ಹಿರಿಯರ ಕಣ್ಣಿಗೂ ಬೆರಳಿಗೂ ಇದು ತೀರ ಚಿಕ್ಕದು. ನಲವತ್ತೆಂಟರಲ್ಲಿ ಒಂದರ ಅಳತೆಯನ್ನು ಆರಿಸಿಕೊಂಡರೆ ಉದ್ದ ೩೩ ಸೆಂಟಿಮೀಟರ್, ಅಗಲ ಸುಮಾರು ೧೯ ಸೆಂಟಿಮೀಟರ್ ಬರುತ್ತದೆ, ಹಿಡಿಯಲು ಹಿತವಾಗುತ್ತದೆ. ಈ ಭಾಗಾಕಾರವನ್ನು ಮನೆಯ ಶಾಲಾಮಕ್ಕಳಿಗೆ ವಹಿಸಿರಿ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಪೆಟ್ಟಿಗೆಯನ್ನು ಕೊಳ್ಳುವವರು ಒಂದನ್ನು ಗಮನಿಸಬೇಕು. ಹೆಸರು ಒಂದೇ ಇದ್ದರೂ ವಿಮಾನದ ಬಗೆ ಬೇರೆಯಾಗಿರಬಹುದು. ನಮ್ಮ ವಾಯುಸೇನೆಯ ನ್ಯಾಟ್ ಯುದ್ಧವಿಮಾನ ಒಬ್ಬರು ಕೂರುವಂಥದ್ದು. ಬ್ರಿಟನ್ನಿನ ಕೆಂಪು ಬಣ್ಣದ ಪ್ರದರ್ಶನ ತಂಡದ ನ್ಯಾಟ್ ಇಬ್ಬರು ಕೂರುವ ತರಬೇತಿ ವಿಮಾನ. ಅದನ್ನು ತಂದು ಮುಂದಿಟ್ಟರೆ ಹಿರಿಯರು ಕ್ಷಣದಲ್ಲೇ "ಇದು ನಮ್ಮದಲ್ಲ" ಎಂದಾರು.

ಮಾರುತ್ ವಿಮಾನವನ್ನು ಮರದಲ್ಲಿ ಕೆತ್ತಬಹುದು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಮೃದುವಾದುದು. ದಪ್ಪ ರಟ್ಟಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಉಪ್ಪುಕಾಗದದಿಂದ ಉಜ್ಜಿ ಆಕಾರ ಕೊಡುವುದು ಇನ್ನೂ ಸುಲಭ. ಹಿಂದಕ್ಕೆ ಓರೆಯಾದ ರೆಕ್ಕೆ, ಕೊಂಚ ಸಪೂರವಾದ ನಡು, ಬಾಲದಲ್ಲಿ ಎರಡು ಎಂಜಿನ್‌ಗಳ ಬಾಯಿ, ಇವು ಮಾರುತ್‌ನ ಗುರುತುಗಳು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿಯೂ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿಯೂ ನಿಜವಾದ ಮಾರುತ್ ನಿಂತಿದೆ. ಸಾಧ್ಯವಾದರೆ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಿರಿ. ಕೊನೆಯಲ್ಲಿ ರೆಕ್ಕೆಯ ಮೇಲೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ಚಕ್ರವನ್ನು ಬರೆಯುವ ಭಾಗ್ಯ ಮನೆಯ ಅತಿ ಚಿಕ್ಕ ಮಗುವಿನದಾಗಲಿ.

ಕಿವಿ, ಕಣ್ಣು, ಕೈ

ಜೊತೆಗೆ ಕುಳಿತು ಕೆಲಸ ಮಾಡುವಾಗ ಹಿರಿಯರ ಆರೋಗ್ಯದ ಅನೇಕ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಕಿವಿ. ದಿನಕ್ಕೆ ಎಂಟು ಗಂಟೆ ೮೫ ಡೆಸಿಬಲ್‌ಗಿಂತ ಹೆಚ್ಚಿನ ಸದ್ದನ್ನು ಕೇಳುತ್ತ ಬಂದರೆ ಶ್ರವಣಶಕ್ತಿಗೆ ಹಾನಿ. ಜೆಟ್ ಎಂಜಿನ್ನಿನ ಸಮೀಪದ ಸದ್ದು ೧೨೦ ಡೆಸಿಬಲ್ ಮೀರುತ್ತದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಹೀಗಾಗಿ ಮೌನಿಯೆಂದು ನಾವು ತಿಳಿದ ಹಿರಿಯರು ನಿಜಕ್ಕೂ ಕೇಳಿಸದವರಾಗಿರಬಹುದು. ಇಂತಹವರೊಡನೆ ಕಿರುಚಬಾರದು, ಎದುರಿಗೆ, ಬೆಳಕಿನಲ್ಲಿ ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ಮಾತನಾಡಬೇಕು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಸದಸ್ಯರು ಅದರ ಚಿಕಿತ್ಸಾಲಯದಲ್ಲಿ ಕಿವಿಯ ಪರೀಕ್ಷೆ ಹಾಗೂ ಶ್ರವಣಸಾಧನದ ಬಗೆಗೆ ವಿಚಾರಿಸಬೇಕು.

ಎರಡನೆಯದು ಕಣ್ಣು. ಅರವತ್ತರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಆದುದರಿಂದ ಕಿಟಕಿಯ ಬಳಿ, ಒಳ್ಳೆಯ ಮೇಜುದೀಪದಡಿ ಕುಳ್ಳಿರಿಸಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಕಣ್ಣಿಗೆ ವಿಶ್ರಾಂತಿ ನೀಡಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

ಮೂರನೆಯದು ಕೈ. ಮೊಣಕೈಯನ್ನು ಮೇಜಿಗೆ ಆನಿಸಿಕೊಂಡರೆ ವಯೋಸಹಜವಾದ ಅಲುಗಾಟ ತಗ್ಗುತ್ತದೆ. ಆದರೆ ಕೈ ಸುಮ್ಮನಿರುವಾಗ ನಡುಗುವುದು, ಹೊಸದಾಗಿ ಕಾಣಿಸಿಕೊಂಡ ನಡುಕ, ಒಂದೇ ಬದಿಯ ನಿಧಾನಗತಿ, ಇವುಗಳನ್ನು ವೈದ್ಯರಿಗೆ ತೋರಿಸಬೇಕು. ಮಧುಮೇಹದಿಂದ ಬೆರಳಿನ ಸ್ಪರ್ಶಜ್ಞಾನ ಕುಂದಿದವರಿಗೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೂ ಹರಿತವಾದ ಅಲಗನ್ನು ಕೊಡಬಾರದು. ಕತ್ತರಿಸುವ ಕೆಲಸ ನಡುವಯಸ್ಸಿನವರದಾಗಲಿ. ಪರಿಶೀಲಿಸಿ ಒಪ್ಪುವ ಅಧಿಕಾರ ಹಿರಿಯರದಾಗಲಿ. ವಿಮಾನದ ಒಳಗೆ ಒಂದು ಸ್ಕ್ರೂಡ್ರೈವರ್ ಉಳಿದರೂ ಅಪಾಯ. ಆದುದರಿಂದ ಕೆಲಸ ಮುಗಿದೊಡನೆ ಉಪಕರಣಗಳನ್ನು ಎಣಿಸುವುದು ವಿಮಾನ ನಿರ್ವಹಣೆಯ ಶಿಸ್ತು. ದಿನದ ಕೊನೆಗೆ ಅಲಗು, ಸೂಜಿ, ಅಂಟುಗಳ ಎಣಿಕೆಯನ್ನು ಹಿರಿಯರಿಗೇ ಒಪ್ಪಿಸಿರಿ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಕಾವಲಿಲ್ಲ.

ಅಂಟು, ಬಣ್ಣ, ಧೂಳು

ಮರಕ್ಕೂ ರಟ್ಟಿಗೂ ನೀರಿನಲ್ಲಿ ಕರಗುವ ಬಿಳಿ ಅಂಟು ಸಾಕು; ಬಣ್ಣವೂ ನೀರಿನಲ್ಲಿ ಬೆರೆಯುವಂಥದ್ದಿರಲಿ. ಪ್ಲಾಸ್ಟಿಕ್ ಅಂಟಿನ ಹಾಗೂ ಥಿನ್ನರಿನ ಆವಿ ತಲೆನೋವು, ತಲೆಸುತ್ತು ತರುತ್ತದೆ. ಉಬ್ಬಸದವರೂ ಗರ್ಭಿಣಿಯರೂ ಅದರಿಂದ ದೂರವಿರಬೇಕು. ಬಳಸಲೇಬೇಕಾದರೆ ಕಿಟಕಿಗಳನ್ನು ತೆರೆದು, ದೀಪ ಒಲೆಗಳಿಂದ ದೂರ ಕುಳಿತು ಬಳಸಬೇಕು. ಕ್ಷಣದಲ್ಲಿ ಹಿಡಿಯುವ ಅಂಟು ಬೆರಳುಗಳನ್ನು ಕೂಡಿಸಿಬಿಟ್ಟರೆ ಎಳೆಯಬಾರದು. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಬಿಡಿಸಬೇಕು. ಈ ಅಂಟು ಹತ್ತಿ ಬಟ್ಟೆಗೆ ತಗುಲಿದರೆ ಸುಡುವಷ್ಟು ಬಿಸಿಯಾಗುತ್ತದೆ. ಆದುದರಿಂದ ಧೋತರದಿಂದಾಗಲಿ ಸೆರಗಿನಿಂದಾಗಲಿ ಒರೆಸಕೂಡದು. ಕಣ್ಣಿಗೆ ತಗುಲಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಅಟ್ಟದ ಮೇಲಿನ ಹಳೆಯ ಬಣ್ಣದ ಡಬ್ಬಿಗಳನ್ನು ಬಳಸಬೇಡಿರಿ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ ೯೦ ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದುದು ೨೦೧೭ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣ ಮಕ್ಕಳ ಮಿದುಳಿಗೆ ಅಪಾಯಕಾರಿಯಾಗಿರಬಹುದು.

ನೆನಪು ನೋವಾದಾಗ

ಎಲ್ಲ ನೆನಪುಗಳೂ ಹಿತವಾದವುಗಳಲ್ಲ. ಹಾರಿಹೋದ ವಿಮಾನ ಮರಳದ ಸಂಜೆಯನ್ನು ಕಂಡವರು ನಮ್ಮ ನಡುವೆ ಇದ್ದಾರು. ಮಾದರಿಯ ಕೆಲಸ ಆರಂಭವಾದ ಮೇಲೆ ಹಿರಿಯರಿಗೆ ನಿದ್ರೆ ಕೆಟ್ಟರೆ, ದುಃಸ್ವಪ್ನಗಳು ಕಾಡಿದರೆ, ಸಣ್ಣ ಸದ್ದಿಗೂ ಬೆಚ್ಚಿದರೆ, ಕಾರಣವಿಲ್ಲದೆ ಸಿಟ್ಟಾದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿರಿ. ಮುಂದುವರಿಸುವಂತೆ ಒತ್ತಾಯ ಬೇಡ. ಆಘಾತದ ಬಳಿಕ ಬರುವ ಈ ಮನೋವ್ಯಥೆಯನ್ನು ವೈದ್ಯಶಾಸ್ತ್ರ ೧೯೮೦ರಿಂದ ರೋಗವೆಂದೇ ಹೆಸರಿಸಿದೆ. ಅದಕ್ಕೆ ಚಿಕಿತ್ಸೆಯೂ ಇದೆ. ಅದು ಹೇಡಿತನವಲ್ಲ, ಭಕ್ತಿಯ ಕೊರತೆಯೂ ಅಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ ೧೪೪೧೬ಕ್ಕೆ ಹಗಲಿರುಳು ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯರು ಅತ್ತರೆ ಗಾಬರಿ ಬೇಡ. ಪಕ್ಕದಲ್ಲಿ ಕುಳಿತಿರುವುದೇ ಆ ಹೊತ್ತಿನ ಸೇವೆ.

ಸ್ಥಾವರವಾಗದಿರಲಿ

ಲಿಂಗೈಕ್ಯರಾದ ಹಿರಿಯರ ಸ್ಮರಣಾರ್ಥವೂ ಮಾದರಿಯನ್ನು ಮಾಡಬಹುದು. ಆಗ ಅವರ ಸೇವಾಪುಸ್ತಕ, ಪತ್ರಗಳು, ಜೊತೆಗಾರರ ನೆನಪುಗಳು ದಾರಿ ತೋರಬೇಕು. ದುಃಖದಲ್ಲಿರುವ ಮನೆಗೆ ದಿನಕ್ಕೊಂದು ಗಂಟೆಯ ಕೈಕೆಲಸ ಸಮಾಧಾನ ತರಬಲ್ಲದು. ಆದರೆ ಹಿರಿಯರು ಇನ್ನೂ ನಮ್ಮೊಡನಿರುವ ಮನೆಗಳಿಗೆ ನಾವು ಹೇಳುವುದೊಂದೇ: ಅವರ ಕಾಲಾನಂತರಕ್ಕೆಂದು ಕಾಯಬೇಡಿರಿ. ಮುಚ್ಚಳ ಯಾವ ಕಡೆ ತೆರೆಯುತ್ತಿತ್ತೆಂದು ಬಲ್ಲವರು ಅವರು ಮಾತ್ರ.

ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದವರು ಶರಣರು. ಸಿದ್ಧವಾದ ವಿಮಾನವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾಲೆ ಹಾಕಿ ಮರೆತರೆ ಅದೂ ಒಂದು ಸ್ಥಾವರವೇ ಸರಿ. ಮಕ್ಕಳು ಎತ್ತಿ ನೋಡಲಿ, ನೆಂಟರು ಕೇಳಲಿ, ಹಿರಿಯರು ಹೇಳಲಿ. ಒಂದು ಚಕ್ರ ಮುರಿದರೆ ಮತ್ತೆ ಕೂಡಿ ಕುಳಿತು ಅಂಟಿಸಿರಿ. ಕೆಲಸದ ನಡುವೆ ಹಿರಿಯರು ನುಡಿದ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಟ್ಟು ವಿಮಾನದ ಬಳಿಯೇ ಇರಿಸಿರಿ. ಮೊದಲ ಪುಟದಲ್ಲಿ ಅವರ ಹೆಸರು, ಅವರು ಮಾಡಿದ ಕೆಲಸ, ದುಡಿದ ನೆಲೆಗಳು ಇರಲಿ. ಕೆಳಗೆ ಅವರದೇ ಕೈಯ ಸಹಿ ಇರಲಿ.